ಫಿರಂಗಿಗಾಗಿ ಅಗೆದ ಗುಡ್ಡದ ಮೇಲೆ ಗಿಡುಗಗಳು

ಓದುಗರ ಪತ್ರ (ಸಂಗ್ರಹ): ಸ್ಯಾನ್ ಫ್ರಾನ್ಸಿಸ್ಕೊ ಎದುರಿನ ಮರೀನ್ ಹೆಡ್‌ಲ್ಯಾಂಡ್ಸ್‌ನ ಕಲಾಕೇಂದ್ರದ ಬಗ್ಗೆ ಕಳೆದ ಸಂಚಿಕೆಯಲ್ಲಿ ಬಂದ ಲೇಖನ ಓದಿದೆ. ಸೈನ್ಯ ಕಾವಲಿದ್ದುದರಿಂದಲೇ ಆ ಗುಡ್ಡಗಳೂ ಹಕ್ಕಿಗಳೂ ಉಳಿದವು. ಸೈನ್ಯ ಹೋದ ಮೇಲೆ ಬ್ಯಾರಕ್‌ಗಳನ್ನು ಕೆಡವಿ ಜಾಗವನ್ನು ಹಕ್ಕಿಗಳಿಗೇ ಬಿಡಬೇಕಿತ್ತು. ಕಲಾವಿದರಿಗೆ ಊಟ, ವಸತಿ ಕೊಟ್ಟು ಕೂರಿಸಿದ್ದರಿಂದ ಒಂದು ಗಿಡುಗಕ್ಕಾದರೂ ಉಪಯೋಗವಾಯಿತೇ? ನಾಳೆ ನಮ್ಮ ನೇತ್ರಾಣಿ ದ್ವೀಪದಲ್ಲೂ ಹೀಗೇ ಮಾಡಿ ಎನ್ನುವಿರಾ? ಮೈಸೂರಿನಲ್ಲಿ ಚಿತ್ರಕಲೆ ಕಲಿತ ನನ್ನ ತಂಗಿಯ ಮಗಳು ಅಲ್ಲಿಗೆ ಅರ್ಜಿ ಹಾಕಲು ಹೊರಟಿದ್ದಾಳೆ, ಅದಕ್ಕೇ ಕೇಳುತ್ತಿದ್ದೇನೆ. – ಓದುಗರೊಬ್ಬರು, ಫ್ರೀಮಾಂಟ್, ಕ್ಯಾಲಿಫೋರ್ನಿಯಾ

ಸಂಪಾದಕರ ಉತ್ತರ:

ಮಾನ್ಯರೇ,

ಸೈನ್ಯದಿಂದಾಗಿ ಹಕ್ಕಿಗಳು ಉಳಿದವು ಎಂಬ ನಿಮ್ಮ ಮಾತನ್ನು ಅರ್ಧ ಮಾತ್ರ ಒಪ್ಪುತ್ತೇನೆ. ಕೋಟೆಗಳಿದ್ದ ಜಾಗದಲ್ಲಿ ಮನೆಗಳು ಏಳಲಿಲ್ಲ, ನಿಜ. ಆದರೆ ಅದಕ್ಕೆ ತಾಗಿದ ಕಣಿವೆಗಳಲ್ಲಿ 1960ರ ದಶಕದಲ್ಲಿ ‘ಮರಿನ್ಚೆಲೊ’ ಎಂಬ ಹೊಸ ಊರನ್ನೇ ಕಟ್ಟಲು ಎಲ್ಲವೂ ಸಿದ್ಧವಾಗಿತ್ತು. ಸುಮಾರು 30,000 ಜನರಿಗೆ ಮನೆ, ಬಹುಮಹಡಿ ಕಟ್ಟಡಗಳು, ಅದರ ಬೆನ್ನಿಗೆ ಗಲ್ಫ್ ತೈಲ ಕಂಪನಿಯ ಹಣ. ಅದನ್ನು ತಡೆದದ್ದು ಸೈನ್ಯವಲ್ಲ. ಸುತ್ತಲಿನ ಊರಿನವರು, ಅವರ ಪರ ನಿಂತ ವಕೀಲರು ವರ್ಷಗಟ್ಟಲೆ ಪಟ್ಟು ಹಿಡಿದು ತಡೆದರು. ಕೊನೆಗೆ ‘ನೇಚರ್ ಕನ್ಸರ್ವೆನ್ಸಿ’ ಎಂಬ ಪ್ರಕೃತಿ ಸಂರಕ್ಷಣಾ ಸಂಸ್ಥೆ ಆ ಭೂಮಿಯನ್ನು ಕೊಂಡಿತು. 1972ರಲ್ಲಿ ಗೋಲ್ಡನ್ ಗೇಟ್ ರಾಷ್ಟ್ರೀಯ ವಿಹಾರ ಪ್ರದೇಶ ಸ್ಥಾಪನೆಯಾಯಿತು, ಈ ಕಣಿವೆಗಳು ಅದಕ್ಕೆ ಸೇರಿದವು. ಈ ಶ್ರೇಯಸ್ಸು ಜಗಳವಾಡಿದ ಆ ನಾಗರಿಕರಿಗೆ ಸಲ್ಲಬೇಕು.

ಗಿಡುಗಗಳು ಆ ಗುಡ್ಡಕ್ಕೆ ಬರುವುದಕ್ಕೂ ಸೈನ್ಯ ಆ ಗುಡ್ಡವನ್ನು ಹಿಡಿದದ್ದಕ್ಕೂ ಕಾರಣ ಒಂದೇ, ಕೆಳಗಿರುವ ಗೋಲ್ಡನ್ ಗೇಟ್ ಜಲಸಂಧಿ. ಸಾಗರದಿಂದ ಕೊಲ್ಲಿಯೊಳಕ್ಕೆ ಬರುವ ಯಾವ ಹಡಗೂ ಸುಮಾರು 1.6 ಕಿಲೋಮೀಟರ್ ಅಗಲದ ಆ ಬಾಯಿಯನ್ನು ದಾಟಲೇಬೇಕು. ಆದ್ದರಿಂದ ಎರಡನೆಯ ಮಹಾಯುದ್ಧದಲ್ಲಿ 16 ಇಂಚು ಬಾಯಿಯ ಎರಡು ಫಿರಂಗಿಗಳಿಗಾಗಿ ಗುಡ್ಡವನ್ನು ಕೊರೆದು ಕಾಂಕ್ರೀಟ್ ಸುರಂಗ ಕಟ್ಟಿದರು. ಕೆಲಸ ಮುಗಿಯುವ ಮೊದಲೇ ಅದರ ಅಗತ್ಯ ತೀರಿತು, ಫಿರಂಗಿಗಳನ್ನು ಕೂರಿಸಲೇ ಇಲ್ಲ. ಈಗ ಗಿಡುಗಗಳ ಕಡೆಯಿಂದ ನೋಡಿ. ಶರತ್ಕಾಲದಲ್ಲಿ ಉತ್ತರದಿಂದ ದಕ್ಷಿಣಕ್ಕೆ ಹೊರಟ ಹಕ್ಕಿಗಳು ಬಿಸಿಲಿಗೆ ಕಾದ ನೆಲದಿಂದ ಏಳುವ ಗಾಳಿಯ ಮೇಲೆ ತೇಲಿಕೊಂಡು, ರೆಕ್ಕೆ ಬಡಿಯುವ ಶ್ರಮ ಉಳಿಸುತ್ತ ಬರುತ್ತವೆ. ದಾರಿಯುದ್ದಕ್ಕೂ ನೆಲ ಕಿರಿದಾಗುತ್ತ ಹೋಗಿ ಈ ತುದಿಯಲ್ಲಿ ಮುಗಿಯುತ್ತದೆ. ಮುಂದಿರುವುದು ತಣ್ಣನೆಯ ನೀರು, ಅಲ್ಲಿ ಅಂಥ ಗಾಳಿ ಏಳುವುದಿಲ್ಲ. ದಾಟಲು ಹಿಂಜರಿದ ಕೆಂಪುಬಾಲದ ಗಿಡುಗಗಳು, ಬೈರಿಗಳು, ರಣಹದ್ದುಗಳು ಗುಡ್ಡದ ಮೇಲೆ ಸುತ್ತುಹಾಕುತ್ತ ಎತ್ತರ ಗಳಿಸುತ್ತವೆ. ‘ಹಾಕ್ ಹಿಲ್’ ಎಂದು ಈಗ ಕರೆಯುವ ಆ ನೆತ್ತಿಯ ಮೇಲೆ 1980ರ ದಶಕದಿಂದ ಸ್ವಯಂಸೇವಕರು ನಿಂತು ಅವುಗಳನ್ನು ಎಣಿಸುತ್ತಿದ್ದಾರೆ, ಕೆಲವನ್ನು ಹಿಡಿದು ಕಾಲಿಗೆ ಉಂಗುರ ತೊಡಿಸಿ ಬಿಡುತ್ತಾರೆ.

ಬ್ಯಾರಕ್ ಕೆಡವಬೇಕಿತ್ತು ಎಂಬ ನಿಮ್ಮ ಸಲಹೆ ನನಗೆ ಹಿಡಿಸದಿರುವುದು ಇದಕ್ಕೇ. ಎಲ್ಲವನ್ನೂ ಅಳಿಸಿ ಹುಲ್ಲು ಬೆಳೆಸಿದ್ದರೆ, ಬಂದವರು ಇದು ಮನುಷ್ಯ ಮುಟ್ಟದ ಪ್ರಕೃತಿ ಎಂದು ನಂಬಿ ಹೋಗುತ್ತಿದ್ದರು. ಅದು ಸುಳ್ಳು. ಹೆಜ್ಜಾರ್ಲೆಗಳು ಇಳಿಯುವ ರೋಡಿಯೊ ಲಗೂನಿನ ಹತ್ತಿರದಲ್ಲೇ 1974ರವರೆಗೆ ಶತ್ರು ವಿಮಾನಗಳನ್ನು ಹೊಡೆದುರುಳಿಸುವ ‘ನೈಕ್’ ಕ್ಷಿಪಣಿಗಳ ನೆಲೆಯಿತ್ತು. ಅಲ್ಲಿದ್ದ ಹರ್ಕ್ಯುಲಿಸ್ ಕ್ಷಿಪಣಿ ಅಣುಸಿಡಿತಲೆಯನ್ನು ಹೊರಬಲ್ಲದ್ದು. ಇದನ್ನು ಮರೆಸಬಾರದು.

ಮರೆಸದಂತೆ ನೋಡಿಕೊಂಡವರು ಕಲಾವಿದರು. 1982ರಲ್ಲಿ ಹೆಡ್‌ಲ್ಯಾಂಡ್ಸ್ ಕಲಾಕೇಂದ್ರ ಶುರುವಾಯಿತು. ಅಲ್ಲಿನ ಹಳೆಯ ಸೇನಾ ನೆಲೆ ಫೋರ್ಟ್ ಬ್ಯಾರಿಯಲ್ಲಿ 1907ರಲ್ಲಿ ಕಟ್ಟಿದ ಸೈನಿಕರ ವಸತಿ ಕಟ್ಟಡವನ್ನು ಅದಕ್ಕಾಗಿ ಸಜ್ಜುಗೊಳಿಸುವ ಹೊಣೆ ಡೇವಿಡ್ ಐರ್ಲೆಂಡ್ ಎಂಬ ಕಲಾವಿದನ ಪಾಲಿಗೆ ಬಂತು. ಬೇರೆ ಯಾರಾದರೂ ಆಗಿದ್ದರೆ ಗಾರೆ ಮೆತ್ತಿ ಸುಣ್ಣ ಬಳಿದು ಹೊಸದು ಮಾಡಿಬಿಡುತ್ತಿದ್ದರು. ಐರ್ಲೆಂಡ್ ಅದಕ್ಕೆ ತದ್ವಿರುದ್ಧ ಮಾಡಿದ. ದಶಕಗಳ ಬಣ್ಣದ ಪದರಗಳನ್ನು ಕೆರೆದು ತೆಗೆದು, ಒಳಗಿದ್ದ ಬಿರುಕು, ಕಲೆ, ತಗಡಿನ ಸೂರು ಎಲ್ಲವೂ ಕಣ್ಣಿಗೆ ಕಾಣುವಂತೆ ಬಿಟ್ಟ. ಗೋಡೆಗೆ ಪಾರದರ್ಶಕ ಲೇಪ ಬಳಿದು ಹಾಗೆಯೇ ಉಳಿಸಿದ. ಸೈನಿಕರ ಊಟದ ಮನೆಯನ್ನು ಆನ್ ಹ್ಯಾಮಿಲ್ಟನ್ ಎಂಬ ಕಲಾವಿದೆ ಮತ್ತೆ ಊಟದ ಮನೆಯಾಗಿಯೇ ರೂಪಿಸಿದರು. ರೆಸಿಡೆನ್ಸಿಗೆ, ಅಂದರೆ ಅಲ್ಲೇ ಉಳಿದು ತಮ್ಮ ಕಲೆಯ ಕೆಲಸ ಮಾಡಲು, ಬಂದವರು ಸಂಜೆ ಒಟ್ಟಿಗೆ ಕುಳಿತು ಉಣ್ಣುವುದು ಅಲ್ಲಿಯೇ. ಒಂದು ಕಟ್ಟಡಕ್ಕೆ ಇದಕ್ಕಿಂತ ಗೌರವದ ಆರೈಕೆ ನನಗೆ ತಿಳಿದಿಲ್ಲ.

ಇದರಿಂದ ಒಂದು ಗಿಡುಗಕ್ಕಾದರೂ ಉಪಯೋಗವಾಯಿತೇ ಎಂದಿರಿ. ಇಲ್ಲ. ಹಕ್ಕಿಗಳನ್ನು ಉಳಿಸುವ ಕೆಲಸ ಬೇರೆಯದು, ಅದು ಕಾನೂನಿನಿಂದ ಆಗುತ್ತದೆ. ಡಿಡಿಟಿ ಎಂಬ ಕೀಟನಾಶಕದ ವಿಷ ಮೀನುಗಳ ಮೂಲಕ ಕಂದು ಹೆಜ್ಜಾರ್ಲೆಗಳ ಮೈ ಸೇರಿ, ಮೊಟ್ಟೆಯ ಚಿಪ್ಪು ತೆಳುವಾಗಿ ಕಾವಿಗೆ ಕೂತ ತಾಯಿಯ ಭಾರಕ್ಕೇ ಒಡೆದುಹೋಗುತ್ತಿತ್ತು. 1970ರಲ್ಲಿ ಕ್ಯಾಲಿಫೋರ್ನಿಯಾದ ಅನಕಾಪ ದ್ವೀಪದಲ್ಲಿ ನೂರಾರು ಜೋಡಿಗಳು ಗೂಡು ಕಟ್ಟಿದ್ದರೂ ಉಳಿದದ್ದು ಒಂದೇ ಮರಿ. 1972ರಲ್ಲಿ ಅಮೆರಿಕ ಡಿಡಿಟಿಯನ್ನು ನಿಷೇಧಿಸಿತು. ಹಕ್ಕಿ ಚೇತರಿಸಿಕೊಂಡು 2009ರಲ್ಲಿ ಅಪಾಯದಂಚಿನ ಪಟ್ಟಿಯಿಂದ ಹೊರಬಂತು. ಚಿತ್ರ ಬರೆಯುವವರಿಂದ ಈ ಕೆಲಸವನ್ನು ನಿರೀಕ್ಷಿಸುವುದು ನ್ಯಾಯವಲ್ಲ. ಅವರು ಹಕ್ಕಿಗೆ ತೊಂದರೆ ಕೊಡದಿದ್ದರೆ ಸಾಕು. ಅಲ್ಲಿ ಅವರಿರುವುದು ಮೊದಲೇ ಇದ್ದ ಗೋಡೆಗಳ ಒಳಗೆ, ಅವರಿಗಾಗಿ ಹೊಸ ನೆಲ ಅಗೆದಿಲ್ಲ.

ನೇತ್ರಾಣಿಯ ವಿಷಯದಲ್ಲಿ ಮಾತ್ರ ನಾನು ಪೂರ್ತಿ ನಿಮ್ಮ ಕಡೆ. ಮುರ್ಡೇಶ್ವರದ ಎದುರಿನ ಆ ದ್ವೀಪದಲ್ಲಿ ಬಿಳಿಹೊಟ್ಟೆಯ ಕಡಲ ಹದ್ದುಗಳು ಗೂಡು ಕಟ್ಟುತ್ತವೆ. ನೌಕಾಪಡೆ ಅದನ್ನು ಗುರಿ ಅಭ್ಯಾಸಕ್ಕೆ ಬಳಸಿದ್ದನ್ನು ನಮ್ಮ ಪಕ್ಷಿಪ್ರಿಯರು ವಿರೋಧಿಸುತ್ತ ಬಂದಿದ್ದಾರೆ. ಅಲ್ಲಿ ಉಳಿಸಿಕೊಳ್ಳಲು ಬ್ಯಾರಕ್ಕೂ ಇಲ್ಲ, ಊಟದ ಮನೆಯೂ ಇಲ್ಲ. ಹದ್ದುಗಳನ್ನು ಅವುಗಳ ಪಾಡಿಗೆ ಬಿಡಬೇಕು, ಕಲಾವಿದರೂ ಅಲ್ಲಿಗೆ ಕಾಲಿಡಬಾರದು.

ನಿಮ್ಮ ತಂಗಿಯ ಮಗಳು ಧೈರ್ಯವಾಗಿ ಅರ್ಜಿ ಹಾಕಲಿ. ಹೊರದೇಶಗಳ ಕಲಾವಿದರನ್ನೂ ಅಲ್ಲಿ ಆರಿಸುತ್ತಾರೆ. ಗಿಡುಗದ ಚಿತ್ರ ಬರೆದು ಕಳಿಸಬೇಕೆಂದೇನೂ ಇಲ್ಲ, ತನ್ನ ಕೆಲಸವನ್ನೇ ಕಳಿಸಲಿ. ಆಯ್ಕೆಯಾದರೆ ಸೆಪ್ಟೆಂಬರ್, ಅಕ್ಟೋಬರ್ ತಿಂಗಳು ಸಿಗುವಂತೆ ನೋಡಿಕೊಳ್ಳಲಿ, ಗಿಡುಗಗಳು ಹೆಚ್ಚು ಹಾಯುವ ಕಾಲ ಅದು. ನೀವು ಅವಳನ್ನು ನೋಡಲು ಹೋದಾಗ, ಮಂಜು ಕರಗಿದ ಮೇಲೆ ಮಧ್ಯಾಹ್ನದ ಹೊತ್ತಿಗೆ ಹಾಕ್ ಹಿಲ್ ಹತ್ತಿ. ಎಣಿಸುವವರ ಪಕ್ಕದಲ್ಲಿ ನಿಂತು ಪ್ರಶ್ನೆ ಕೇಳಿದರೆ ಅವರು ಬೇಸರಿಸುವುದಿಲ್ಲ, ಆಕಾಶದಿಂದ ಕಣ್ಣು ತೆಗೆಯದೆ ಉತ್ತರ ಹೇಳುತ್ತಾರೆ.

– ಸಂಪಾದಕ