ಕ್ಯೂಟಿಎಸ್, ಪಿಜಿಸಿಇ, ಇಸಿಟಿ: ನಮ್ಮ ಬಿ.ಎಡ್. ಇದ್ದರೆ ಇಂಗ್ಲೆಂಡಿನಲ್ಲಿ ಮತ್ತೆ ಮೊದಲಿಂದ ಓದಬೇಕಾ?

ಮೊದಲು ನೇರ ಉತ್ತರ ಹೇಳಿಬಿಡುತ್ತೇನೆ. ಪಿಜಿಸಿಇ ಎನ್ನುವ ಶಿಕ್ಷಕರ ತರಬೇತಿ ಕೋರ್ಸಿಗೆ ಈಗಲೇ ದುಡ್ಡು ಕಟ್ಟಬೇಡಿ. ನಿಮ್ಮ ಹತ್ತಿರ ಇರುವ ಬಿ.ಎಡ್. ಮೇಲೇ ಕ್ಯೂಟಿಎಸ್‌ಗೆ, ಅಂದರೆ ಶಿಕ್ಷಕರಿಗೆ ಇಲ್ಲಿನ ಸರ್ಕಾರ ಕೊಡುವ ಮಾನ್ಯತೆಗೆ, ಅರ್ಜಿ ಹಾಕಬಹುದು. ಅರ್ಜಿಗೆ ಶುಲ್ಕವೂ ಇಲ್ಲ. ಅಲ್ಲಿಂದ ಉತ್ತರ ಬಂದ ಮೇಲೆ ಮುಂದಿನದು ಯೋಚಿಸಿ.

ನೀವು ಬರೆದಿರುವ ಪ್ರಕಾರ ಎಂ.ಎಸ್ಸಿ. ಗಣಿತ, ಆಮೇಲೆ ಬಿ.ಎಡ್., ತುಮಕೂರಿನ ಕಡೆ ಹೈಸ್ಕೂಲಿನಲ್ಲಿ ಕೆಲವು ವರ್ಷ ಪಾಠ ಮಾಡಿದ ಅನುಭವ. ಈಗ ಯಜಮಾನರ ಸ್ಕಿಲ್ಡ್ ವರ್ಕರ್ ವೀಸಾದಲ್ಲಿ ಡಿಪೆಂಡೆಂಟ್ ಆಗಿ ರೆಡಿಂಗ್‌ನಲ್ಲಿದ್ದೀರಿ. ಕೆಲಸದ ಜಾಹೀರಾತು ತೆರೆದರೆ ಬರೀ ಅಕ್ಷರಗಳೇ ಕಾಣುತ್ತವೆ, ಒಂದೂ ತಲೆಗೆ ಹತ್ತುತ್ತಿಲ್ಲ ಅಂದಿದ್ದೀರಿ. ನಾನು ಮಿಡ್‌ಲ್ಯಾಂಡ್ಸ್ ಕಡೆಯ ಒಂದು ಸೆಕೆಂಡರಿ ಶಾಲೆಯಲ್ಲಿ ಫಿಸಿಕ್ಸ್ ಪಾಠ ಮಾಡುತ್ತೇನೆ. ನನ್ನದೂ ಕರ್ನಾಟಕದ ಬಿ.ಎಡ್. ಹಾಗಾಗಿ ಗೊತ್ತಿರುವುದನ್ನು ಪೂರ್ತಿ ಹೇಳುತ್ತೇನೆ, ಸ್ವಲ್ಪ ಉದ್ದ ಆಗುತ್ತದೆ.

ಎಲ್ಲಕ್ಕಿಂತ ಮುಖ್ಯವಾದದ್ದು ಕ್ಯೂಟಿಎಸ್ ಬೇರೆ, ಪಿಜಿಸಿಇ ಬೇರೆ ಎನ್ನುವುದು. ಕ್ಯೂಟಿಎಸ್ ಅಂದರೆ ಕ್ವಾಲಿಫೈಡ್ ಟೀಚರ್ ಸ್ಟೇಟಸ್. ಅದು ಪದವಿ ಅಲ್ಲ, ಸರ್ಕಾರ ಕೊಡುವ ಮಾನ್ಯತೆ. ಇಂಗ್ಲೆಂಡಿನಲ್ಲಿ ಶಿಕ್ಷಣ ಇಲಾಖೆಯ ಕಡೆಯಿಂದ ಅದು ಸಿಗುತ್ತದೆ. ಪಿಜಿಸಿಇ ಅಂದರೆ ವಿಶ್ವವಿದ್ಯಾಲಯ ಕೊಡುವ ಒಂದು ವರ್ಷದ ಓದಿನ ಸರ್ಟಿಫಿಕೇಟ್. ಡ್ರೈವಿಂಗ್ ಸ್ಕೂಲಿನವರು ಕೊಡುವ ಸರ್ಟಿಫಿಕೇಟ್ ಬೇರೆ, ಆರ್‌ಟಿಓ ಕೊಡುವ ಡಿಎಲ್ ಬೇರೆ ಅಲ್ವಾ, ಹಾಗೆ. ಇಲ್ಲಿನ ಹೆಚ್ಚಿನ ಕೋರ್ಸುಗಳಲ್ಲಿ ಎರಡೂ ಒಟ್ಟಿಗೇ ಸಿಗುತ್ತವೆ, ಅದಕ್ಕೇ ಜನ ಎರಡನ್ನೂ ಒಂದೇ ಅಂದುಕೊಳ್ಳುತ್ತಾರೆ. ಆದರೆ ಶಾಲೆಗೆ ಕಾನೂನಿನ ಪ್ರಕಾರ ಬೇಕಾಗಿರುವುದು ಕ್ಯೂಟಿಎಸ್. ಪಿಜಿಸಿಇ ಇಲ್ಲದೆ ಬರೀ ಕ್ಯೂಟಿಎಸ್ ಇಟ್ಟುಕೊಂಡು ಆರಾಮಾಗಿ ಪಾಠ ಮಾಡುತ್ತಿರುವವರು ಇದ್ದಾರೆ. ಪಿಜಿಸಿಇ ಇದ್ದೂ ಕ್ಯೂಟಿಎಸ್ ಇಲ್ಲದವರೂ ಇದ್ದಾರೆ, ಅವರ ಪರದಾಟ ನೋಡಿದರೆ ಬೇಜಾರಾಗುತ್ತದೆ.

ಇದನ್ನು ಯಾಕೆ ಇಷ್ಟು ಒತ್ತಿ ಹೇಳುತ್ತಿದ್ದೇನೆ ಅಂದರೆ, ದೂರಶಿಕ್ಷಣದ ಪಿಜಿಸಿಇ ಕೋರ್ಸುಗಳ ಜಾಹೀರಾತು ನಮ್ಮವರ ಫೋನಿಗೆ ಜಾಸ್ತಿ ಬರುತ್ತವೆ. ಕೆಲವಕ್ಕೆ ಪಿಜಿಸಿಇ ಇಂಟರ್‌ನ್ಯಾಷನಲ್ ಅಂತ, ಕೊನೆಗೊಂದು ಐ ಸೇರಿಸಿ ಪಿಜಿಸಿಇಐ ಅಂತ ಹೆಸರು. ಓದಿಗೆ ಅವು ಒಳ್ಳೆಯವೇ ಇರಬಹುದು, ದುಬೈ ಕಡೆಯ ಇಂಟರ್‌ನ್ಯಾಷನಲ್ ಶಾಲೆಗಳಲ್ಲಿ ಉಪಯೋಗಕ್ಕೂ ಬರಬಹುದು, ಆದರೆ ಅವುಗಳಿಂದ ಕ್ಯೂಟಿಎಸ್ ಬರುವುದಿಲ್ಲ. ಇದರ ಜೊತೆ ಐಕ್ಯೂಟಿಎಸ್ ಅಂತ ಇನ್ನೊಂದಿದೆ, ಹೆಸರು ಹತ್ತಿರ ಹತ್ತಿರ ಇದ್ದರೂ ವಿಷಯ ಬೇರೆ. ಬ್ರಿಟನ್ನಿನ ಹೊರಗಿದ್ದುಕೊಂಡೇ, ಇಂಗ್ಲೆಂಡ್ ಸರ್ಕಾರ ಒಪ್ಪಿದ ಸಂಸ್ಥೆಯ ಮೂಲಕ ತರಬೇತಿ ಪಡೆಯುವವರಿಗೆ ಅದು. ಅದನ್ನು ಮುಗಿಸಿದರೆ ಕ್ಯೂಟಿಎಸ್ ಸಿಗುತ್ತದೆ. ನೀವು ಈಗಾಗಲೇ ಇಲ್ಲಿರುವುದರಿಂದ ನಿಮಗೆ ಅದು ಬೇಡ.

ಈಗ ನಿಮ್ಮ ದಾರಿಗೆ ಬರೋಣ. 2023ರ ಫೆಬ್ರವರಿಯಲ್ಲಿ ಇಂಗ್ಲೆಂಡ್ ಸರ್ಕಾರ ಹೊರದೇಶದ ಶಿಕ್ಷಕರಿಗಾಗಿ ಹೊಸ ಅರ್ಜಿ ವ್ಯವಸ್ಥೆ ಶುರು ಮಾಡಿತು. ಆಗ ಭಾರತ, ನೈಜೀರಿಯಾ, ಘಾನಾ, ಜಿಂಬಾಬ್ವೆ, ಸಿಂಗಪುರದಂಥ ದೇಶಗಳಲ್ಲಿ ತರಬೇತಿ ಆದವರಿಗೂ ಬಾಗಿಲು ತೆರೆಯಿತು. ಅದಕ್ಕೂ ಮೊದಲು ಆಸ್ಟ್ರೇಲಿಯಾ, ನ್ಯೂಜಿಲೆಂಡ್, ಕೆನಡಾ, ಅಮೆರಿಕ ಮತ್ತು ಯುರೋಪಿನ ಕೆಲವು ದೇಶದವರಿಗೆ ಮಾತ್ರ ನೇರವಾಗಿ ಸಿಗುತ್ತಿತ್ತು. ನಮ್ಮ ಬಿ.ಎಡ್.ಗೆ ಆ ಕಾಲದಲ್ಲಿ ಬೆಲೆಯೇ ಇರಲಿಲ್ಲ ಅನ್ನುವಂತಿತ್ತು. ಹಳೆಯ ಲೇಖನ, ಹಳೆಯ ವಿಡಿಯೋ ನೋಡಿ "ಇಂಡಿಯಾ ಬಿ.ಎಡ್. ನಡೆಯಲ್ಲ" ಎನ್ನುವವರು ಇಂದಿಗೂ ಸಿಗುತ್ತಾರೆ, ಅವರ ಮಾತು ಕೇಳಬೇಡಿ.

ಆದರೆ ಭಾರತದವರಿಗೆ ಷರತ್ತುಗಳಿವೆ. ನಿಮ್ಮ ತರಬೇತಿ 11ರಿಂದ 16 ವರ್ಷದ ಮಕ್ಕಳಿಗೆ ಪಾಠ ಮಾಡಲು ಅರ್ಹತೆ ಕೊಡುವಂಥದ್ದಾಗಿರಬೇಕು. ವಿಷಯ ಗಣಿತ, ವಿಜ್ಞಾನ ಅಥವಾ ಭಾಷೆ ಆಗಿರಬೇಕು. ನಿಮ್ಮದು ಗಣಿತ, ಹಾಗಾಗಿ ಸರಿಹೋಗುತ್ತದೆ. ಸಮಾಜ ವಿಜ್ಞಾನದ ಮೆಥಡ್ ಇರುವವರಿಗೆ, ಅಥವಾ ಡಿ.ಎಡ್. ಮಾಡಿ ಪ್ರೈಮರಿಯಲ್ಲಿದ್ದವರಿಗೆ ಈ ದಾರಿ ಸದ್ಯಕ್ಕೆ ಇಲ್ಲ. ಎಷ್ಟೋ ಒಳ್ಳೆಯ ಪ್ರೈಮರಿ ಟೀಚರ್‌ಗಳು ಇದೊಂದೇ ಕಾರಣಕ್ಕೆ ಹೊರಗುಳಿದಿದ್ದಾರೆ, ಇದು ನನಗೆ ಅನ್ಯಾಯ ಅಂತಲೇ ಅನಿಸುತ್ತದೆ. ಡಿಗ್ರಿ ಬೇಕು, ಬಿ.ಎಡ್. ಬೇಕು, ಬಿ.ಎಡ್. ಆದ ಮೇಲೆ ಕನಿಷ್ಠ ಒಂದು ಶಾಲಾ ವರ್ಷದ ಅನುಭವ ಬೇಕು. ಇಂಗ್ಲಿಷ್ ಬರುತ್ತದೆ ಎನ್ನುವುದಕ್ಕೆ ಬಿ2 ಮಟ್ಟದ ಪರೀಕ್ಷೆ ಬರೆಯಬಹುದು. ಇಲ್ಲವೇ ನಿಮ್ಮ ಓದು ಪೂರ್ತಿ ಇಂಗ್ಲಿಷ್ ಮಾಧ್ಯಮದಲ್ಲೇ ಆಗಿದೆ ಅಂತ ಕಾಲೇಜಿನಿಂದ ಪತ್ರ ತರಬಹುದು.

ಊರಿಗೆ ಹೋದಾಗ ಈ ಕಾಗದಗಳನ್ನು ಮರೆಯದೆ ಮಾಡಿಸಿಕೊಳ್ಳಿ: ಮಾಧ್ಯಮದ ಪತ್ರ, ಬಿ.ಎಡ್. ಅಂಕಪಟ್ಟಿಯಲ್ಲಿ ಮೆಥಡ್ ವಿಷಯ ಕಾಣುವ ಪುಟ, ಶಾಲೆಯ ಅನುಭವ ಪತ್ರ. ಹೆಡ್‌ಮಾಸ್ಟರ ಜಿಮೇಲ್ ವಿಳಾಸ ಸಾಲುವುದಿಲ್ಲ, ಶಾಲೆಯದೇ ಹೆಸರಿನ ಇಮೇಲ್ ಇದ್ದರೆ ಪರಿಶೀಲನೆ ಬೇಗ ಆಗುತ್ತದೆ. ನಮ್ಮ ಕಡೆ ಎಷ್ಟೋ ಶಾಲೆಗಳಿಗೆ ಹಾಗೊಂದು ಇಮೇಲ್ ಇರುವುದೇ ಇಲ್ಲ. ಆದ್ದರಿಂದ ಮೊದಲೇ ಮಾತಾಡಿಟ್ಟುಕೊಳ್ಳಿ.

ಒಂದು ವೇಳೆ ಅರ್ಜಿ ಒಪ್ಪದಿದ್ದರೆ ಆಗ ಐಟಿಟಿ, ಅಂದರೆ ಇನಿಶಿಯಲ್ ಟೀಚರ್ ಟ್ರೈನಿಂಗ್. ಹೊಸಬರನ್ನು ಟೀಚರ್ ಮಾಡುವ ಎಲ್ಲ ತರಬೇತಿಗೂ ಒಟ್ಟಾಗಿ ಇದೇ ಹೆಸರು. ವಿಶ್ವವಿದ್ಯಾಲಯದ ಮೂಲಕ ಮಾಡಬಹುದು, ಅಥವಾ ಶಾಲೆಗಳೇ ಸೇರಿ ನಡೆಸುವ ಸ್ಕಿಟ್ ಎನ್ನುವಲ್ಲಿ ಮಾಡಬಹುದು. ಎರಡರಲ್ಲೂ ವರ್ಷದ ಹೆಚ್ಚು ಭಾಗ ಶಾಲೆಯಲ್ಲೇ ಕಳೆಯುತ್ತದೆ, ಅದೂ ಕನಿಷ್ಠ ಎರಡು ಬೇರೆ ಬೇರೆ ಶಾಲೆಗಳಲ್ಲಿ. ನಮ್ಮ ಬಿ.ಎಡ್. ಪ್ರಾಕ್ಟೀಸ್ ಟೀಚಿಂಗ್‌ಗಿಂತ ಇದು ತುಂಬಾ ಭಾರಿ. ಖರ್ಚಿನ ವಿಷಯ ಮಾತ್ರ ಮೊದಲೇ ತಿಳಿದುಕೊಳ್ಳಿ. ಇಲ್ಲಿನವರಿಗೆ 2025-26ರಲ್ಲಿ ಫೀಸು ಹೆಚ್ಚೆಂದರೆ 9,535 ಪೌಂಡ್. ಡಿಪೆಂಡೆಂಟ್ ವೀಸಾದಲ್ಲಿರುವವರನ್ನು ಸಾಮಾನ್ಯವಾಗಿ ಹೊರದೇಶದ ವಿದ್ಯಾರ್ಥಿ ಎಂದೇ ಲೆಕ್ಕ ಹಾಕುತ್ತಾರೆ. ಆಗ ಫೀಸು ಅದಕ್ಕಿಂತ ಬಹಳ ಜಾಸ್ತಿ. ಅದಕ್ಕೇ ಆರಂಭದಲ್ಲಿ ದುಡ್ಡು ಕಟ್ಟಬೇಡಿ ಅಂದದ್ದು.

ಇನ್ನು ಜಾಹೀರಾತಿನ ಭಾಷೆ. ನೀವು ಹಾಕಿರುವ ಮಾದರಿಯಲ್ಲಿ "ಟೀಚರ್ ಆಫ್ ಮ್ಯಾಥ್ಸ್, ಕೆಎಸ್3 ಮತ್ತು ಕೆಎಸ್4, ಕೆಎಸ್5 ಅವಕಾಶ ಇದೆ, ಎಂಪಿಎಸ್ ಅಥವಾ ಯುಪಿಎಸ್, ಇಸಿಟಿಗಳಿಗೂ ಸ್ವಾಗತ, ತಕ್ಕವರಿಗೆ ಟಿಎಲ್‌ಆರ್" ಎಂದಿದೆ. ಇಲ್ಲಿ ತರಗತಿಗೆ ಇಯರ್ ಅನ್ನುತ್ತಾರೆ. ಇಯರ್ ಸಂಖ್ಯೆಯಲ್ಲಿ ಒಂದು ಕಳೆದರೆ ಸುಮಾರಾಗಿ ನಮ್ಮ ಕ್ಲಾಸ್ ಸಿಗುತ್ತದೆ, ಇಯರ್ 11 ಅಂದರೆ ನಮ್ಮ ಎಸ್ಸೆಸ್ಸೆಲ್ಸಿ ವಯಸ್ಸಿನವರು. ಈ ಇಯರ್‌ಗಳನ್ನು ಗುಂಪು ಮಾಡಿ ಕೀ ಸ್ಟೇಜ್ ಎಂದು ಕರೆಯುತ್ತಾರೆ, 1988ರ ಶಿಕ್ಷಣ ಸುಧಾರಣಾ ಕಾಯ್ದೆಯಿಂದ ಬಂದ ಪದ್ಧತಿ ಅದು. ಕೆಎಸ್3 ಅಂದರೆ ಇಯರ್ 7ರಿಂದ 9. ಕೆಎಸ್4 ಅಂದರೆ 10 ಮತ್ತು 11, ಅದರ ಕೊನೆಗೆ ಜಿಸಿಎಸ್ಇ ಪರೀಕ್ಷೆ. ಕೆಎಸ್5 ಅಂದರೆ 12 ಮತ್ತು 13, ನಮ್ಮ ಪಿಯುಸಿ ಇದ್ದ ಹಾಗೆ, ಕೊನೆಗೆ ಎ ಲೆವೆಲ್. ಈ ಎರಡು ವರ್ಷಕ್ಕೆ ಸಿಕ್ಸ್ತ್ ಫಾರ್ಮ್ ಅಂತಲೂ ಹೇಳುತ್ತಾರೆ.

ಜಿಸಿಎಸ್ಇ ಬಗ್ಗೆ ಗಣಿತದವರು ಸ್ವಲ್ಪ ಜಾಸ್ತಿ ತಿಳಿದಿರಬೇಕು. ಅಂಕದ ಬದಲು 9ರಿಂದ 1ರವರೆಗೆ ಗ್ರೇಡ್, 9 ಎಲ್ಲಕ್ಕಿಂತ ಮೇಲು. 4 ಬಂದರೆ ಸ್ಟ್ಯಾಂಡರ್ಡ್ ಪಾಸ್, 5 ಬಂದರೆ ಸ್ಟ್ರಾಂಗ್ ಪಾಸ್. ಗಣಿತಕ್ಕೆ ಎರಡು ಟಿಯರ್ ಇವೆ, ಫೌಂಡೇಶನ್ ಮತ್ತು ಹೈಯರ್. ಫೌಂಡೇಶನ್ ಬರೆದ ಮಗುವಿಗೆ ಎಷ್ಟೇ ಚೆನ್ನಾಗಿ ಬರೆದರೂ 5ಕ್ಕಿಂತ ಮೇಲೆ ಸಿಗುವುದಿಲ್ಲ. ಮೂರು ಪೇಪರ್, ಒಂದಕ್ಕೆ ಕ್ಯಾಲ್ಕುಲೇಟರ್ ಇಲ್ಲ. ನಮ್ಮಲ್ಲಿ ರಾಜ್ಯಕ್ಕೆಲ್ಲ ಒಂದೇ ಬೋರ್ಡ್ ಇದ್ದ ಹಾಗೆ ಇಲ್ಲಿಲ್ಲ, ಎಕ್ಯೂಎ, ಎಡೆಕ್ಸೆಲ್, ಓಸಿಆರ್ ಮುಂತಾದವುಗಳಲ್ಲಿ ಶಾಲೆ ತನಗೆ ಬೇಕಾದ್ದನ್ನು ಆರಿಸಿಕೊಳ್ಳುತ್ತದೆ. ಗಣಿತ, ಇಂಗ್ಲಿಷ್‌ನಲ್ಲಿ 4 ಬಾರದ ಮಕ್ಕಳು 16 ದಾಟಿದ ಮೇಲೂ ಅದನ್ನು ಓದುತ್ತಲೇ ಇರಬೇಕು. ಆದ್ದರಿಂದ ಸಿಕ್ಸ್ತ್ ಫಾರ್ಮ್ ಮತ್ತು ಫರ್ದರ್ ಎಜುಕೇಶನ್ ಕಾಲೇಜುಗಳಿಗೂ ಗಣಿತದ ಮೇಷ್ಟ್ರು ಬೇಕೇ ಬೇಕು. ನಿಮ್ಮ ವಿಷಯಕ್ಕೆ ಇಲ್ಲಿ ಒಳ್ಳೆಯ ಬೇಡಿಕೆ ಇದೆ, ಧೈರ್ಯವಾಗಿರಿ.

ಇಸಿಟಿ ಅಂದರೆ ಅರ್ಲಿ ಕರಿಯರ್ ಟೀಚರ್. ಕ್ಯೂಟಿಎಸ್ ಬಂದ ಮೇಲಿನ ಎರಡು ವರ್ಷ ಇಂಡಕ್ಷನ್, ಆ ಅವಧಿಯಲ್ಲಿ ಈ ಹೆಸರು. 2021ರ ಸೆಪ್ಟೆಂಬರ್‌ವರೆಗೆ ಎನ್‌ಕ್ಯೂಟಿ ಎನ್ನುತ್ತಿದ್ದರು, ಆಗ ಇಂಡಕ್ಷನ್ ಒಂದೇ ವರ್ಷ. ಇಸಿಟಿಗೆ ಒಬ್ಬ ಮೆಂಟರ್ ಇರುತ್ತಾರೆ, ಮೊದಲ ವರ್ಷ ಪೀರಿಯಡ್‌ಗಳಲ್ಲಿ ಶೇ. 10, ಎರಡನೇ ವರ್ಷ ಶೇ. 5 ಕಡಿತ ಇರುತ್ತದೆ. ಅದರ ಮೇಲೆ ಎಲ್ಲ ಟೀಚರ್‌ಗಳಿಗೂ ಪಿಪಿಎ ಎಂದು ಪಾಠ ತಯಾರಿ, ಉತ್ತರ ತಿದ್ದುವ ಕೆಲಸಕ್ಕೆ ಕನಿಷ್ಠ ಶೇ. 10 ಸಮಯ ಟೈಮ್‌ಟೇಬಲ್ಲಿನಲ್ಲೇ ಬಿಟ್ಟಿರುತ್ತಾರೆ. ಊರಿನಲ್ಲಿ ಒಂದರ ಹಿಂದೆ ಒಂದು ಪೀರಿಯಡ್ ತೆಗೆದುಕೊಂಡು ನೋಟ್‌ಬುಕ್ ಹೊರೆ ಮನೆಗೆ ಹೊತ್ತವರಿಗೆ ಈ ಪಿಪಿಎ ಎಷ್ಟು ದೊಡ್ಡದು ಎಂದು ಬೇರೆ ಹೇಳಬೇಕಿಲ್ಲ. ನಿಮಗೆ ಅನುಭವ ಇರುವುದರಿಂದ ಇಂಡಕ್ಷನ್ ಬೇಕಾ ಬೇಡವಾ ಎಂಬುದು ಕ್ಯೂಟಿಎಸ್ ಬಂದಾಗ ಸ್ಪಷ್ಟವಾಗುತ್ತದೆ.

ಎಂಪಿಎಸ್ ಅಂದರೆ ಮೇನ್ ಪೇ ಸ್ಕೇಲ್, ಎಂ1ರಿಂದ ಎಂ6. 2025-26ರಲ್ಲಿ ಲಂಡನ್ ಸುತ್ತಮುತ್ತ ಬಿಟ್ಟು ಉಳಿದ ಕಡೆ ಎಂ1 ವರ್ಷಕ್ಕೆ 32,916 ಪೌಂಡ್. ಯುಪಿಎಸ್ ಅದರ ಮೇಲಿನದು. ಟಿಎಲ್‌ಆರ್ ಅಂದರೆ ಹೆಚ್ಚಿನ ಜವಾಬ್ದಾರಿ ಹೊತ್ತಾಗ ಸಿಗುವ ಹೆಚ್ಚಿನ ಹಣ. ಕ್ಯೂಟಿಎಸ್ ಇಲ್ಲದವರಿಗೆ ಅನ್‌ಕ್ವಾಲಿಫೈಡ್ ಟೀಚರ್ ಎಂಬ ಬೇರೆ ಸ್ಕೇಲ್ ಇದೆ, ಅದು ತುಂಬಾ ಕಡಿಮೆ. ಹೊರದೇಶದಲ್ಲಿ ತರಬೇತಿ ಆದವರು ಕೌನ್ಸಿಲ್ (ಸ್ಥಳೀಯ ಆಡಳಿತ) ಶಾಲೆಗಳಲ್ಲಿ ಕ್ಯೂಟಿಎಸ್ ಇಲ್ಲದೆ ನಾಲ್ಕು ವರ್ಷದವರೆಗೆ ಪಾಠ ಮಾಡಬಹುದು. ಅಕಾಡೆಮಿ ಅಂದರೆ ಸರ್ಕಾರದ ದುಡ್ಡಿನಲ್ಲೇ ನಡೆದರೂ ಕೌನ್ಸಿಲ್ ಕೈಕೆಳಗೆ ಇಲ್ಲದ ಶಾಲೆ, ಅಂಥ ಹಲವು ಶಾಲೆ ಸೇರಿದರೆ ಮ್ಯಾಟ್. ಅಕಾಡೆಮಿಗಳಿಗೆ 2012ರಿಂದ ಕ್ಯೂಟಿಎಸ್ ಇಲ್ಲದವರನ್ನೂ ತೆಗೆದುಕೊಳ್ಳುವ ಸ್ವಾತಂತ್ರ್ಯ ಸಿಕ್ಕಿತ್ತು, ಆದರೆ 2024ರ ಡಿಸೆಂಬರ್‌ನಲ್ಲಿ ಪಾರ್ಲಿಮೆಂಟಿಗೆ ತಂದ ಮಸೂದೆ ಅದನ್ನು ಬಿಗಿ ಮಾಡುವ ಉದ್ದೇಶದ್ದು. ಪಬ್ಲಿಕ್ ಸ್ಕೂಲ್ ಎಂದು ಕಂಡರೆ ಸರ್ಕಾರಿ ಶಾಲೆ ಅಂದುಕೊಳ್ಳಬೇಡಿ, ಅದು ದುಬಾರಿ ಫೀಸಿನ ಹಳೆಯ ಖಾಸಗಿ ಶಾಲೆ.

ಕ್ಯೂಟಿಎಸ್ ಬರುವವರೆಗೆ ಸುಮ್ನೆ ಮನೆಯಲ್ಲಿ ಕೂರಬೇಡಿ, ಶಾಲೆಯೊಳಗೆ ಕಾಲಿಡಿ. ನಿಮ್ಮ ಡಿಪೆಂಡೆಂಟ್ ವೀಸಾದಲ್ಲಿ ಈ ಕೆಲಸಗಳಿಗೆ ಶಾಲೆ ಸ್ಪಾನ್ಸರ್ ಮಾಡಬೇಕಿಲ್ಲ, ಇದನ್ನು ಅರ್ಜಿಯ ಮೊದಲ ಪ್ಯಾರಾದಲ್ಲೇ ಬರೆಯಿರಿ. ಟೀಚಿಂಗ್ ಅಸಿಸ್ಟೆಂಟ್ ಅಂದರೆ ಟಿಎ, ಕ್ಲಾಸಿನಲ್ಲಿ ಟೀಚರ್ ಜೊತೆ ಇದ್ದು ಮಕ್ಕಳಿಗೆ ಸಹಾಯ ಮಾಡುವವರು. ಕವರ್ ಸೂಪರ್‌ವೈಸರ್ ಅಂದರೆ ಟೀಚರ್ ರಜೆ ಇದ್ದಾಗ ಅವರು ಬಿಟ್ಟುಹೋದ ಕೆಲಸವನ್ನು ಮಕ್ಕಳಿಂದ ಮಾಡಿಸುವವರು, ಅವರು ಹೊಸ ಪಾಠ ಮಾಡಬೇಕಿಲ್ಲ. ನಾನು ಸ್ವಲ್ಪ ಕಾಲ ಕವರ್ ಮಾಡಿದೆ. ಇಲ್ಲಿನ ಮಕ್ಕಳ ಮಾತು, ಶಿಸ್ತಿನ ರೀತಿ, ಡಿಟೆನ್ಷನ್ ಹೇಗೆ ಹಾಕುತ್ತಾರೆ ಎಲ್ಲ ಅಲ್ಲಿ ಕಲಿತೆ. ಆದರೆ ಏಜೆನ್ಸಿ ಮೂಲಕ ಹೋದರೆ ಹುಷಾರು. ನನ್ನನ್ನು ಕವರ್ ಸಂಬಳಕ್ಕೆ ಕಳಿಸಿ ದಿನವಿಡೀ ಫಿಸಿಕ್ಸ್ ಪಾಠ, ಉತ್ತರ ತಿದ್ದುವುದು ಎಲ್ಲ ಮಾಡಿಸಿದರು. ಪಾಠ ಮಾಡಿಸುವುದಾದರೆ ಸಪ್ಲೈ ಟೀಚರ್, ಅಂದರೆ ಬದಲಿ ಟೀಚರ್ ದರ ಕೊಡಿ ಎಂದು ಮೊದಲೇ ಇಮೇಲ್‌ನಲ್ಲಿ ಕೇಳಿ. ಯಾವ ಕೆಲಸಕ್ಕಾದರೂ ಡಿಬಿಎಸ್ ಎನ್ನುವ ಪೊಲೀಸ್ ದಾಖಲೆ ಪರಿಶೀಲನೆ ಇರುತ್ತದೆ, ಭಾರತದ ಪೊಲೀಸ್ ಕ್ಲಿಯರೆನ್ಸ್ ಕೂಡ ಕೇಳುತ್ತಾರೆ.

ಸಿವಿಯಲ್ಲಿ ಬರೀ ಬಿ.ಎಡ್. ಎಂದು ಬರೆದು ಬಿಡಬೇಡಿ. ಇಲ್ಲಿ ಬಿ.ಎಡ್. ಅಂದರೆ ಸ್ಕೂಲ್ ಮುಗಿಸಿದವರು ಮಾಡುವ ಡಿಗ್ರಿ, ಹೆಚ್ಚಾಗಿ ಪ್ರೈಮರಿಯವರದು. "ಡಿಗ್ರಿ ಆದ ಮೇಲಿನ ಶಿಕ್ಷಕರ ತರಬೇತಿ, ಗಣಿತ, ಸೆಕೆಂಡರಿ" ಎಂದು ಬಿಡಿಸಿ ಬರೆಯಿರಿ. ಪಿಯು ಕಾಲೇಜಿನಲ್ಲಿ ಪಾಠ ಮಾಡಿದ್ದರೆ ಲೆಕ್ಚರರ್ ಎಂದಷ್ಟೇ ಹಾಕಿದರೆ ಯೂನಿವರ್ಸಿಟಿಯವರು ಎಂದುಕೊಳ್ಳುತ್ತಾರೆ, 16ರಿಂದ 18 ವಯಸ್ಸಿನವರಿಗೆ ಗಣಿತ ಎಂದು ಹಾಕಿ.

ಇದೆಲ್ಲ ಇಂಗ್ಲೆಂಡಿನ ಮಾತು. ಸ್ಕಾಟ್‌ಲ್ಯಾಂಡಿನಲ್ಲಿ ಕ್ಯೂಟಿಎಸ್ ಇಲ್ಲ, ಅಲ್ಲಿ ಜಿಟಿಸಿಎಸ್ ಎಂಬ ಮಂಡಳಿಯಲ್ಲಿ ನೋಂದಣಿ ಆಗಬೇಕು, ಪಿಜಿಸಿಇ ಬದಲು ಪಿಜಿಡಿಇ. ವೇಲ್ಸ್ ಮತ್ತು ಉತ್ತರ ಐರ್ಲೆಂಡಿಗೂ ಅವರವರದೇ ಮಂಡಳಿ ಇವೆ. ಯಜಮಾನರಿಗೆ ಎಡಿನ್‌ಬರೋ ಕಡೆ ವರ್ಗ ಆಗುವಂತಿದ್ದರೆ ಮೊದಲೇ ವಿಚಾರಿಸಿಕೊಳ್ಳಿ.

ಕೊನೆಗೆ ಸಮಯದ ವಿಷಯ. ಇಲ್ಲಿ ಟೀಚರ್‌ಗಳು ಯಾವಾಗ ಬೇಕಾದರೂ ರಾಜೀನಾಮೆ ಕೊಟ್ಟು ಹೋಗುವಂತಿಲ್ಲ. ಅಕ್ಟೋಬರ್ ಕೊನೆ, ಫೆಬ್ರವರಿ ಕೊನೆ, ಮೇ ಕೊನೆ, ಈ ಮೂರು ಗಡುವು. ಹೊಸ ವರ್ಷ ಸೆಪ್ಟೆಂಬರ್‌ನಲ್ಲಿ ಶುರು, ಹಾಗಾಗಿ ಫೆಬ್ರವರಿಯಿಂದ ಮೇವರೆಗೆ ಜಾಹೀರಾತುಗಳ ಸುರಿಮಳೆ. ಅಷ್ಟರೊಳಗೆ ಕ್ಯೂಟಿಎಸ್ ಕೈಯಲ್ಲಿರುವ ಹಾಗೆ ಅರ್ಜಿ ಈಗಲೇ ಹಾಕಿ. ಇಂಟರ್‌ವ್ಯೂ ದಿನ ನಿಜವಾದ ಮಕ್ಕಳಿಗೆ ಅರ್ಧ ಗಂಟೆಯ ಪಾಠ ಮಾಡಿಸುತ್ತಾರೆ. ಬೋರ್ಡಿನ ಮೇಲೆ ನೀವೇ ಎಲ್ಲ ಬಿಡಿಸಿ ತೋರಿಸುವುದಕ್ಕಿಂತ, ಮಕ್ಕಳು ಬಿಡಿಸುತ್ತಿರುವಾಗ ನೀವು ಬೆಂಚುಗಳ ನಡುವೆ ಓಡಾಡಿ ಯಾರು ಎಲ್ಲಿ ತಪ್ಪುತ್ತಿದ್ದಾರೆ ಎಂದು ಹಿಡಿದು ಕೇಳುವುದನ್ನೇ ಅವರು ಗಮನಿಸುವುದು. ಅದಕ್ಕೆ ಇಯರ್ 8ರ ಭಿನ್ನರಾಶಿಯ ಒಂದು ಪಾಠವನ್ನು ಈಗಿಂದಲೇ ತಯಾರಿ ಮಾಡಿಟ್ಟುಕೊಳ್ಳಿ, ಮೇಡಂ.