ಗೇರ್‌ಬಾಕ್ಸ್ ಹೊರಬರುವುದು ಸೀಟಿನ ಕಡೆಯಿಂದ

ಓದುಗರ ಪ್ರಶ್ನೆ, ತಂತ್ರಜ್ಞರ ಉತ್ತರ

ಪ್ರಶ್ನೆ: ಇಂಗ್ಲೆಂಡಿನ ಕವೆಂಟ್ರಿಯಲ್ಲಿದ್ದೇವೆ. 1976ರ ಟ್ರಯಂಫ್ ಸ್ಪಿಟ್‌ಫೈರ್ 1500 ನಮ್ಮಲ್ಲಿದೆ. ನಾಲ್ಕನೇ ಗೇರಿನಲ್ಲಿ ಏರು ಹತ್ತುವಾಗ ಇಂಜಿನ್ ಭೋರೆನ್ನುತ್ತದೆ, ಗಾಡಿಯ ವೇಗ ಮಾತ್ರ ಏರುವುದಿಲ್ಲ. ಕ್ಲಚ್ಚನ್ನು ಮನೆಯಲ್ಲೇ ಬದಲಿಸಬಹುದೇ? ಇಂಜಿನ್ ಎತ್ತುವ ಕ್ರೇನ್ ಬೇಕೇ?

ಉತ್ತರ: ಬದಲಿಸಬಹುದು, ಕ್ರೇನ್ ಬೇಡ. ನಿಮ್ಮ ಊರಿನ ಕ್ಯಾನ್ಲಿ ಕಾರ್ಖಾನೆಯಲ್ಲೇ ತಯಾರಾದ ಈ ಗಾಡಿಯ ದೊಡ್ಡ ಅನುಕೂಲವೆಂದರೆ, ಇಂಜಿನ್ ಇದ್ದಲ್ಲೇ ಇರುತ್ತದೆ, ಗೇರ್‌ಬಾಕ್ಸ್ ಮಾತ್ರ ಕಾರಿನೊಳಗಿಂದ ಬರುತ್ತದೆ. ಇಬ್ಬರಿದ್ದರೆ ಎರಡು ದಿನದ ಕೆಲಸ.

ಆದರೆ ಸ್ಪಾನರ್ ಹಿಡಿಯುವ ಮುಂಚೆ ಒಂದು ಪರೀಕ್ಷೆ ಮಾಡಿ. ಒಬ್ಬರು ಕ್ಲಚ್ ಪೆಡಲ್ ಒತ್ತಿ ಬಿಡುತ್ತಿರಲಿ, ಇನ್ನೊಬ್ಬರು ಇಂಜಿನ್ನಿನ ಮುಂದಿನ ಪುಲ್ಲಿಯನ್ನು ನೋಡುತ್ತಿರಲಿ. ಪೆಡಲ್ ಒತ್ತಿದಾಗ ಇಂಜಿನ್ನಿನ ಮುಖ್ಯ ತಿರುಗುವ ದಂಡ, ಅಂದರೆ ಕ್ರ್ಯಾಂಕ್‌ಶಾಫ್ಟ್, ಪೂರ್ತಿ ಮುಂದಕ್ಕೆ ತಳ್ಳಲ್ಪಡುತ್ತದೆ. ಆ ಒತ್ತಡವನ್ನು ತಡೆಯುವುದು ಹಿಂದಿನ ಮೇನ್ ಬೇರಿಂಗ್ ಬಳಿಯ ಅರ್ಧಚಂದ್ರಾಕಾರದ ಥ್ರಸ್ಟ್ ವಾಷರ್‌ಗಳು. ಅಳತೆಯ ಡಯಲ್ ಗೇಜ್ ಇಟ್ಟು ನೋಡಿದಾಗ ಕ್ರ್ಯಾಂಕಿನ ಹಿಂದುಮುಂದಿನ ಸರಿದಾಟ 0.2 ಮಿ.ಮೀ. ಆಸುಪಾಸಿನಲ್ಲಿದ್ದರೆ ಸರಿ. 0.4 ದಾಟಿದ್ದರೆ ಕ್ಲಚ್ಚಿಗಿಂತ ಮೊದಲು ಅದನ್ನೇ ನೋಡಿಕೊಳ್ಳಬೇಕು. ಈ ಇಂಜಿನ್ನುಗಳಲ್ಲಿ ತೀರಾ ಸವೆದ ವಾಷರ್ ಜಾರಿ ಸಂಪಿನೊಳಗೆ (ಇಂಜಿನ್ನಿನ ಅಡಿಯ ಎಣ್ಣೆ ತೊಟ್ಟಿ) ಬಿದ್ದುಬಿಡುತ್ತದೆ. ಆಮೇಲೆ ಕ್ರ್ಯಾಂಕ್ ನೇರವಾಗಿ ಬ್ಲಾಕನ್ನೇ ತಿನ್ನುತ್ತದೆ, ಇಂಜಿನ್ ಹಾಳಾಗುತ್ತದೆ. ಅದೃಷ್ಟಕ್ಕೆ, ಸಂಪ್ ಬಿಚ್ಚಿದರೆ ಇಂಜಿನ್ ಇಳಿಸದೆಯೇ ವಾಷರ್ ಬದಲಿಸಬಹುದು. ಸಿಗ್ನಲ್‌ನಲ್ಲಿ ಕ್ಲಚ್ ತುಳಿದುಕೊಂಡೇ ನಿಲ್ಲಬೇಡಿ ಎಂದು ಈ ಗಾಡಿಗಳ ಬಗ್ಗೆ ಒತ್ತಿ ಹೇಳುವುದು ಇದೇ ಕಾರಣಕ್ಕೆ.

ಇನ್ನು ಬಿಚ್ಚುವ ಕೆಲಸ. ಬ್ಯಾಟರಿ ತಂತಿ ತೆಗೆಯಿರಿ. ಎರಡೂ ಸೀಟು, ಕಾರ್ಪೆಟ್, ಡ್ಯಾಶ್‌ಬೋರ್ಡಿಗೆ ಆನಿಸಿರುವ ನಡುವಿನ ಬ್ರ್ಯಾಕೆಟ್, ಗೇರ್ ಲಿವರ್, ಕೊನೆಗೆ ಗೇರ್‌ಬಾಕ್ಸ್ ಮೇಲಿನ ಟನಲ್ ಕವರ್ ಹೊರಗೆ. ಕವರಿನ ತುಕ್ಕು ಹಿಡಿದ ಸ್ಕ್ರೂಗಳಿಗೆ ಹಿಂದಿನ ರಾತ್ರಿಯೇ ಎಣ್ಣೆ ಬಿಟ್ಟಿರಿ. ಗೇರ್‌ಬಾಕ್ಸಿನಿಂದ ಹಿಂದಕ್ಕೆ ಶಕ್ತಿ ಒಯ್ಯುವ ಪ್ರೊಪೆಲ್ಲರ್ ಶಾಫ್ಟಿನ ನಾಲ್ಕು ಬೋಲ್ಟ್ ತೆಗೆಯುವ ಮೊದಲು, ಒಂದಕ್ಕೊಂದು ಕೂಡುವ ಎರಡೂ ಫ್ಲ್ಯಾಂಜಿಗೆ ಸೇರುವಂತೆ ಬಣ್ಣದ ಗೆರೆ ಎಳೆಯಿರಿ. ಬೇರೆ ಜಾಗಕ್ಕೆ ಕೂತರೆ ಕಂಪನ ಶುರುವಾಗಬಹುದು. ಸ್ಪೀಡೊಮೀಟರ್ ಕೇಬಲ್, ರಿವರ್ಸ್ ಲೈಟಿನ ತಂತಿ, ಸ್ಟಾರ್ಟರ್ ಮೋಟಾರ್ ಬಿಚ್ಚಿ. ಪೆಡಲಿನ ಒತ್ತಡವನ್ನು ದ್ರವದ ಮೂಲಕ ಪಡೆದು ಕ್ಲಚ್ ಬಿಡಿಸುವ ಸ್ಲೇವ್ ಸಿಲಿಂಡರನ್ನು ಪೈಪಿನ ಸಮೇತ ಪಕ್ಕಕ್ಕೆ ಕಟ್ಟಿಡಿ. ಆಮೇಲೆ ಯಾರೂ ಪೆಡಲ್ ಮುಟ್ಟಬಾರದು, ಮುಟ್ಟಿದರೆ ಪಿಸ್ಟನ್ ಹಾರಿ ಹೊರಬರುತ್ತದೆ.

ಸಂಪಿನ ಕೆಳಗೆ ಅಗಲವಾದ ಮರದ ಹಲಗೆ ಇಟ್ಟು ಜ್ಯಾಕ್ ಕೊಡಿ. ಗೇರ್‌ಬಾಕ್ಸನ್ನು ಇಂಜಿನ್ನಿಗೆ ಸೇರಿಸುವ ಗಂಟೆಯಾಕಾರದ ಕವಚದ (ಬೆಲ್ ಹೌಸಿಂಗ್) ಬೋಲ್ಟುಗಳೆಲ್ಲ ಒಂದೇ ತರದವಲ್ಲ. ಇಂಜಿನ್ನಿಗೂ ಗೇರ್‌ಬಾಕ್ಸಿಗೂ ನೇರ ಹೊಂದಿಸುವ ಡೋವೆಲ್ ಗೂಟಗಳು ಬೇರೆ. ಯಾವ ತೂತಿನಿಂದ ಯಾವುದು ಬಂತು ಎಂದು ರಟ್ಟಿನ ಮೇಲೆ ಚಿತ್ರ ಬರೆದು, ಅಲ್ಲಲ್ಲೇ ಚುಚ್ಚಿಡಿ. ಗೇರ್‌ಬಾಕ್ಸನ್ನು ನೇರ ಹಿಂದಕ್ಕೆ ಎಳೆಯಬೇಕು. ಅದರ ಭಾರ ಒಂದು ಕ್ಷಣವೂ ಕ್ಲಚ್ ಪ್ಲೇಟಿನ ಮೇಲೆ ತೂಗಬಾರದು. ಹಳೆಯ ಪ್ಲೇಟು ಬಾಗಿದರೆ ಚಿಂತೆಯಿಲ್ಲ, ಕೂರಿಸುವಾಗ ಹೊಸದು ಬಾಗಿದರೆ ಇಷ್ಟೂ ಕೆಲಸ ಮತ್ತೆ ಮೊದಲಿನಿಂದ.

ಕ್ಲಚ್ ಪ್ಲೇಟನ್ನು ಫ್ಲೈವೀಲಿಗೆ (ಕ್ರ್ಯಾಂಕಿನ ಹಿಂದಿನ ಭಾರದ ಚಕ್ರ) ಒತ್ತಿ ಹಿಡಿಯುವ ಪ್ರೆಷರ್ ಪ್ಲೇಟಿನ ಆರು ಬೋಲ್ಟುಗಳಿಗೆ ಅರ್ಧ ಇಂಚಿನ ಸ್ಪಾನರ್ ಸಾಕು. ಎದುರುಬದುರಾಗಿ ಅರ್ಧರ್ಧ ಸುತ್ತು ಸಡಿಲಿಸಿ. ಒಂದನ್ನೇ ಪೂರ್ತಿ ಬಿಚ್ಚಿದರೆ ಒಳಗಿನ ಡಯಾಫ್ರಾಮ್ ಸ್ಪ್ರಿಂಗ್ ಕವರನ್ನು ತಿರುಚುತ್ತದೆ. ನಿಮ್ಮ ಗಾಡಿಗೆ 7.25 ಇಂಚಿನ ಕ್ಲಚ್, ಹಿಂದಿನ ಮಾಡೆಲ್‌ಗಳದ್ದು ಚಿಕ್ಕದು. ಹೊಸ ಪ್ಲೇಟನ್ನು ಗೇರ್‌ಬಾಕ್ಸಿನ ಇನ್‌ಪುಟ್ ಶಾಫ್ಟಿಗೆ ಬರಿಗೈಯಲ್ಲಿ ತೊಡಿಸಿ, ಸಲೀಸಾಗಿ ಜಾರುತ್ತದೆಯೇ ಎಂದು ಮೊದಲೇ ನೋಡಿಕೊಳ್ಳಿ.

ಹಳೆಯ ಪ್ಲೇಟು ಎಣ್ಣೆಯಲ್ಲಿ ನೆನೆದಿದೆಯೇ? ಮೂಸಿ ನೋಡಿ. ಗಂಧಕದ ಘಾಟು ಇದ್ದರೆ ಅದು ಗೇರ್ ಆಯಿಲ್. ಘಾಟಿಲ್ಲದೆ ತೆಳ್ಳಗೆ ಕಪ್ಪಗಿದ್ದರೆ ಇಂಜಿನ್ ಆಯಿಲ್, ಅಂದರೆ ಕ್ರ್ಯಾಂಕಿನ ಹಿಂದಿನ ಸೀಲ್ ಹೋಗಿದೆ. ಸೋರಿಕೆ ನಿಲ್ಲಿಸದೆ ಹೊಸ ಪ್ಲೇಟ್ ಹಾಕಿದರೆ ಹಣ ದಂಡ. ಇನ್‌ಪುಟ್ ಶಾಫ್ಟಿನ ತುದಿ ಕೂರುವ, ಕ್ರ್ಯಾಂಕಿನ ತುದಿಯಲ್ಲಿರುವ ಕಂಚಿನ ಸ್ಪಿಗಟ್ ಬುಷ್ ಅಗ್ಗದ ವಸ್ತು, ಬದಲಿಸಿಯೇಬಿಡಿ. ತೂತಿಗೆ ಗ್ರೀಸ್ ತುಂಬಿ, ಬಿಗಿಯಾಗಿ ಕೂರುವ ಸರಳಿನಿಂದ ಹೊಡೆದರೆ ಹಳೆಯದು ತಾನೇ ಹೊರಬರುತ್ತದೆ. ಹೊಸದನ್ನು ರಾತ್ರಿಯಿಡೀ ಇಂಜಿನ್ ಆಯಿಲ್‌ನಲ್ಲಿ ನೆನೆಸಿಡಿ. ಕ್ಲಚ್ ಬಿಡಿಸಲು ಪ್ರೆಷರ್ ಪ್ಲೇಟನ್ನು ಒತ್ತುವ ಹೊಸ ರಿಲೀಸ್ ಬೇರಿಂಗನ್ನು ಪೆಟ್ರೋಲಿನಲ್ಲಿ ತೊಳೆಯಬೇಡಿ, ಒಳಗಿನ ಗ್ರೀಸ್ ಹೋಗುತ್ತದೆ. ಆ ಬೇರಿಂಗನ್ನು ತಳ್ಳುವ ಫೋರ್ಕಿನ ಪಿನ್ನುಗಳು ಸವೆದಿದ್ದರೆ ಅವೂ ಹೊಸದಾಗಲಿ.

ಹೊಸ ಪ್ರೆಷರ್ ಪ್ಲೇಟಿಗೆ ತುಕ್ಕು ಹಿಡಿಯದಿರಲೆಂದು ಎಣ್ಣೆ ಬಳಿದಿರುತ್ತಾರೆ. ಅದನ್ನೂ ಫ್ಲೈವೀಲನ್ನೂ ಬ್ರೇಕ್ ಕ್ಲೀನರ್‌ನಿಂದ ಒರೆಸಿ. ಫ್ಲೈವೀಲಿನಲ್ಲಿ ಗೀರುಗಳು ಆಳವಾಗಿದ್ದರೆ ಲೇತಿಗೆ ಕೊಡಿ, ಆಳವಾದ ಬಿರುಕಿದ್ದರೆ ಅದನ್ನೇ ಬದಲಿಸಿ. ಪ್ಲೇಟಿನ ಸ್ಪ್ರಿಂಗುಗಳ ಉಬ್ಬು ಗೇರ್‌ಬಾಕ್ಸಿನ ಕಡೆಗಿರಬೇಕು. ಅಲೈನ್‌ಮೆಂಟ್ ಟೂಲ್ ತೂರಿಸಿ ನಡುವಿಗೆ ತಂದು, ಬೋಲ್ಟುಗಳನ್ನು ಎದುರುಬದುರಾಗಿ 20 ಪೌಂಡ್-ಅಡಿಗೆ ಬಿಗಿಯಿರಿ. ಇನ್‌ಪುಟ್ ಶಾಫ್ಟಿನ ಹಲ್ಲುಗಳಿಗೆ (ಸ್ಪ್ಲೈನ್) ಗ್ರೀಸ್ ಸವರಿ, ಬಟ್ಟೆಯಲ್ಲಿ ಒರೆಸಿ ಉಳಿದಷ್ಟೇ ಸಾಕು.

ಪ್ರಶ್ನೆ: ಇದೇ ಮಾದರಿಯ ಗಾಡಿಗೆ ಹೊಸ ಕ್ಲಚ್ ಹಾಕಿದ್ದೇವೆ. ಈಗ ರಿವರ್ಸ್ ಹಾಕಿದರೆ ಕರಕರ ಶಬ್ದ. ಮತ್ತೆ ಗೇರ್‌ಬಾಕ್ಸ್ ಇಳಿಸಬೇಕೇ?

ಉತ್ತರ: ದಯವಿಟ್ಟು ಈಗಲೇ ಇಳಿಸಬೇಡಿ. ಪೆಡಲನ್ನು ಬೇಗ ಬೇಗ ಮೂರು ನಾಲ್ಕು ಸಲ ಒತ್ತಿ, ಒತ್ತಿ ಹಿಡಿದೇ ಗೇರ್ ಹಾಕಿ. ಸಲೀಸಾಗಿ ಬಿದ್ದರೆ ಪೈಪಿನಲ್ಲಿ ಗಾಳಿ ಸೇರಿದೆ ಎನ್ನಬಹುದು. ಬ್ಲೀಡ್ ಮಾಡಿ, ಅಂದರೆ ದ್ರವದ ಜೊತೆ ಆ ಗಾಳಿಯನ್ನು ಹೊರಹಾಕಿ. ಗಾಳಿ ಮೇಲಕ್ಕೇ ಹೋಗುವುದರಿಂದ ಬ್ಲೀಡ್ ನಿಪ್ಪಲ್ ಸ್ಲೇವ್ ಸಿಲಿಂಡರಿನ ಮೇಲ್ಭಾಗದಲ್ಲಿರಬೇಕು. ಪೆಡಲ್ ಒತ್ತಿ ಹಿಡಿದಿರುವಾಗ ಸ್ಲೇವಿನ ರಾಡ್ ಮೆಲ್ಲಗೆ ಹಿಂದೆ ಸರಿದರೆ, ಹೊರಗೆ ಹನಿಯೂ ಸೋರದಿದ್ದರೆ, ಪೆಡಲ್ ತಳ್ಳುವ ಮಾಸ್ಟರ್ ಸಿಲಿಂಡರಿನ ಸೀಲ್ ಒಳಗೇ ಸೋರುತ್ತಿದೆ.

ಅಲ್ಲೂ ಸರಿಯಿದ್ದರೆ ಪೆಡಲನ್ನು ಮಾಸ್ಟರ್ ಸಿಲಿಂಡರಿಗೆ ಜೋಡಿಸುವ ಕ್ಲೆವಿಸ್ ಪಿನ್ ಬಿಚ್ಚಿ ನೋಡಿ. ಪಿನ್ ನಡುವೆ ಸವೆದು, ತೂತು ಮೊಟ್ಟೆಯಾಕಾರಕ್ಕೆ ಬಂದಿರುವುದು ಹಳೆಯ ಗಾಡಿಗಳಲ್ಲಿ ತೀರಾ ಸಾಮಾನ್ಯ. ಅಲ್ಲಿ ಒಂದೆರಡು ಮಿಲಿಮೀಟರ್ ವ್ಯರ್ಥವಾದರೂ ಕ್ಲಚ್ ಪೂರ್ತಿ ಬಿಡಿಸಿಕೊಳ್ಳುವುದಿಲ್ಲ. ಇವೆಲ್ಲ ಸರಿಯಾಗಿದ್ದೂ ಶಬ್ದ ನಿಲ್ಲದಿದ್ದರೆ ಪ್ಲೇಟ್ ತಿರುವುಮುರುವಾಗಿ ಕೂತಿರಬೇಕು, ಇಲ್ಲವೇ ಬಾಗಿರಬೇಕು. ಆಗ ಇಳಿಸದೆ ಗತ್ಯಂತರವಿಲ್ಲ.

ಪ್ರಶ್ನೆ: ಬೆಂಗಳೂರಿನಲ್ಲಿ ನಮ್ಮ ಮನೆಯ ಸ್ಟ್ಯಾಂಡರ್ಡ್ ಹೆರಾಲ್ಡ್‌ಗೂ ಇದೇ ವಿಧಾನವೇ?

ಉತ್ತರ: ಕೆಲಸದ ಕ್ರಮ ಅದೇ. ಮದ್ರಾಸಿನಲ್ಲಿ ತಯಾರಾದ ಹೆರಾಲ್ಡ್ ಟ್ರಯಂಫ್ ಹೆರಾಲ್ಡಿನದೇ ವಿನ್ಯಾಸ, ಅದರ ಚಾಸಿಯಿಂದಲೇ ಸ್ಪಿಟ್‌ಫೈರ್ ಹುಟ್ಟಿದ್ದು. ಅಲ್ಲೂ ಗೇರ್‌ಬಾಕ್ಸ್ ಒಳಗಿನಿಂದಲೇ ಬರುತ್ತದೆ. ಆದರೆ 948 ಸಿಸಿ ಇಂಜಿನ್ನಿನ ಕ್ಲಚ್ ಚಿಕ್ಕದು, ಡಯಾಫ್ರಾಮ್ ಬದಲು ಕಾಯಿಲ್ ಸ್ಪ್ರಿಂಗಿನದು. 1500ರ ಕಿಟ್ ತರಿಸಬೇಡಿ. ಹಳೆಯ ಪ್ಲೇಟನ್ನು ಕೈಯಲ್ಲಿ ಹಿಡಿದೇ ಅಂಗಡಿಗೆ ಹೋಗಿ, ವ್ಯಾಸವನ್ನೂ ಸ್ಪ್ಲೈನಿನ ಹಲ್ಲುಗಳನ್ನೂ ಹೋಲಿಸಿ ಕೊಳ್ಳಿ.