ಸುಳ್ಳು ಹೇಳಿ ಸಹಿ ಹಾಕಿಸಿಕೊಂಡರೆ ಅಗ್ರಿಮೆಂಟ್ ತಾನಾಗಿಯೇ ರದ್ದಾಗುತ್ತಾ?

ಆಗಲ್ಲ. ಹಳೇ ಟ್ರ್ಯಾಕ್ಟರನ್ನು ಹೊಸದು ಅಂತ ನಂಬಿಸಿ ಕೊಟ್ಟಿದ್ದಾರೆ, ಮೋಸದ ಅಗ್ರಿಮೆಂಟ್ ಹೇಗೂ ವಾಯ್ಡ್, ಅಂದರೆ ತಾನಾಗಿಯೇ ರದ್ದು, ಅದಕ್ಕೇ ಸುಮ್ನಿದ್ದೀನಿ ಅಂದಿದ್ದೀರಿ. ನಾನೂ ಇದೇ ಮಾತು ಹೇಳಿಕೊಂಡು ಒಂದು ಸೀಸನ್ ಕಳೆದೆ.

ಕಲಬುರಗಿಯಲ್ಲಿ ನಂದೊಂದು ಚಿಕ್ಕ ದಾಲ್ ಮಿಲ್. ಪರಿಚಯದವರೊಬ್ಬರ ಹತ್ತಿರ ಸೆಕೆಂಡ್ ಹ್ಯಾಂಡ್ ಮಷಿನ್ ತಗೊಂಡೆ. ಮೂರೇ ವರ್ಷ ಓಡಿದೆ ಅಂದರು, ಬಾಂಡ್ ಪೇಪರಿನಲ್ಲೂ ಹಾಗೇ ಬರೆಸಿದೆವು. 4 ಲಕ್ಷ 20 ಸಾವಿರ. ಅರ್ಧ ಕೈಗೆ ಕೊಟ್ಟೆ, ಉಳಿದದ್ದಕ್ಕೆ ಆರು ಕಂತು. ಡಿಸೆಂಬರಿನಲ್ಲಿ ಹೊಸ ತೊಗರಿ ಬಂತು, ಬೇರಿಂಗ್ ಹೋಯಿತು. ರಿಪೇರಿಗೆ ಬಂದ ಮಿಸ್ತ್ರಿ ನೇಮ್ ಪ್ಲೇಟಿನ ಮೇಲಿನ ಹಸಿರು ಬಣ್ಣವನ್ನು ನಾಣ್ಯದಿಂದ ಕೆರೆದ. ಕೆಳಗೆ 2008. "ಸಾವ್ಕಾರ್ರೆ, ಇದು ನಿಮ್ಮ ಮಗಳಕಿಂತ ದೊಡ್ಡದದ ನೋಡ್ರಿ" ಅಂದ.

ಆ ದಿನವೇ ನೋಟಿಸ್ ಕಳಿಸಬೇಕಿತ್ತು. ಕಳಿಸಲಿಲ್ಲ. ಸೀಸನ್ ಮುಗೀಲಿ ಅಂದುಕೊಂಡೆ. ಬೇರಿಂಗ್ ಹಾಕಿಸಿದೆ, ಬೆಲ್ಟ್ ಬದಲಿಸಿದೆ, ಎರಡು ತಿಂಗಳು ತೊಗರಿ ಒಡೆಸಿದೆ. ಸಾಲದ್ದಕ್ಕೆ ಎರಡು ಕಂತೂ ಕಟ್ಟಿದೆ, ಮೇಲೊಂದು ವಾಟ್ಸಾಪ್ ಮೆಸೇಜ್: "ಅಣ್ಣಾರೆ, ಈ ತಿಂಗಳದ್ದು ಹಾಕೀನಿ, ನೋಡ್ಕೋರಿ." ವಕೀಲರು ಆ ಮೆಸೇಜ್ ಓದಿ ಫೋನನ್ನು ಮೇಜಿನ ಮೇಲೆ ಬೋರಲು ಹಾಕಿಬಿಟ್ಟರು. ಮೋಸ ಗೊತ್ತಾದ ಮೇಲೂ ಮಷಿನ್ ಓಡಿಸಿ ಕಂತು ಕಟ್ಟಿದರೆ, ನೀವೇ ಆ ವ್ಯವಹಾರ ಒಪ್ಪಿಕೊಂಡ ಹಾಗೆ. ಮಷಿನ್ ವಾಪಸ್ ಕೊಟ್ಟು ದುಡ್ಡು ಕೇಳೋ ದಾರಿ ಅಲ್ಲಿಗೆ ಮುಚ್ಚಿತು ಅಂದರು. "ಬಣ್ಣ ಕೆರೆದು ನೋಡಿ ತಗೋಬೇಕಿತ್ತು" ಅಂತ ಎದುರಿನವರು ವಾದ ಮಾಡಿದರು. ಆ ವಾದ ನಡೆಯಲ್ಲವಂತೆ, ಮೂರೇ ವರ್ಷ ಅಂದಿದ್ದು ಬಾಯಿಬಿಟ್ಟು ಹೇಳಿದ ಸುಳ್ಳು. ನನ್ನನ್ನು ಮುಳುಗಿಸಿದ್ದು ಆ ಎರಡು ಕಂತು. ಕೊನೆಗೆ ಪರಿಹಾರ ಅಂತ 60 ಸಾವಿರಕ್ಕೆ ರಾಜಿಯಾದೆ.

1872ರ ಕರಾರು ಕಾಯ್ದೆ ಹೀಗಿದೆ. ಮೈನರ್ ಹುಡುಗ ಸಹಿ ಹಾಕಿದ್ದು, ಜೂಜಿನ ಬಾಜಿ, ಕಾನೂನು ಒಪ್ಪದ ಕೆಲಸಕ್ಕೆ ಮಾಡಿಕೊಂಡಿದ್ದು, ಇವು ವಾಯ್ಡ್. ಹುಟ್ಟುವಾಗಲೇ ಸತ್ತವು, ಯಾರೂ ರದ್ದು ಮಾಡಬೇಕಿಲ್ಲ. ಮೈನರ್ ವಿಷಯವನ್ನು ಬ್ರಿಟಿಷರ ಕಾಲದ ಅತ್ಯುನ್ನತ ಕೋರ್ಟ್ ಆಗಿದ್ದ ಪ್ರಿವಿ ಕೌನ್ಸಿಲ್ 1903ರಲ್ಲೇ ಮೋಹರಿ ಬೀಬಿ ಕೇಸಿನಲ್ಲಿ ತೀರ್ಮಾನಿಸಿದೆ. ಆದರೆ ಮೋಸ, ಬೆದರಿಕೆ, ತಪ್ಪು ಮಾಹಿತಿ ಇವೆಲ್ಲ 19ನೇ ಸೆಕ್ಷನ್ನಿಗೆ ಬರುತ್ತವೆ. ಅವು ವಾಯ್ಡಬಲ್. ಅಂದರೆ ಜೀವ ಇದೆ. ಬೇಡ ಅಂತ ಮೋಸ ಹೋದವರು ಹೇಳುವ ತನಕ ವ್ಯಾಲಿಡ್ ಕರಾರಿನ ಹಾಗೇ ನಡೆಯುತ್ತೆ. ಸುಮ್ನಿದ್ದರೆ ಸಾಯಲ್ಲ, ಗಟ್ಟಿಯಾಗುತ್ತೆ.

ರದ್ದು ಮಾಡಿ ಅಂತ ಕೋರ್ಟಿಗೆ ಹೋಗೋಕೆ ಮೋಸ ಗೊತ್ತಾದ ದಿನದಿಂದ 3 ವರ್ಷ ಟೈಮ್ ಇದೆ, ನಿಜ. ನೀವು ಅದನ್ನೇ ನೆಚ್ಚಿಕೊಂಡು ಕೂತಿದ್ದೀರಿ ಅನಿಸುತ್ತೆ. ಹಾಗಂತ ಆ ಮೂರು ವರ್ಷವೂ ವಸ್ತು ಬಳಸಿಕೊಂಡು ಇರಬಹುದು ಅಂತಲ್ಲ. ರದ್ದು ಮಾಡಿದರೆ ನೀವು ತಗೊಂಡಿದ್ದನ್ನೂ ವಾಪಸ್ ಕೊಡಬೇಕಾಗುತ್ತೆ ಅಲ್ವಾ? ಟ್ರ್ಯಾಕ್ಟರ್ ಇನ್ನೂ ಹೊಲದಲ್ಲಿ ಓಡ್ತಿದೆ, ಸೋಮವಾರ ಅದರ ಕಂತು ಇದೆ ಅಂತ ನೀವೇ ಬರೆದಿದ್ದೀರಿ. ಇವತ್ತೇ ಶೆಡ್ಡಿಗೆ ಹಾಕಿ. ಸೋಮವಾರ ಕಂತು ಕಟ್ಟಬೇಡಿ, ವಕೀಲರ ಹತ್ತಿರ ಹೋಗಿ ನೋಟಿಸ್ ಬರೆಸಿ.